ಗಾಂಜಾ ಆಂಟಿಯ ಮನೆ ಬಾಡಿಗೆಗಿದೆ

ನಾನು ಹುಟ್ಟಿದ್ದು ಉತ್ತರಹಳ್ಳಿ ಕಡೆ, ಸೊಸೆಯಾಗಿ ಬಂದಿದ್ದು ಸುಬ್ರಹ್ಮಣ್ಯಪುರಕ್ಕೆ. ಮಾವನವರು ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ನಮ್ಮ ಮನೆ ಇದೆ, ಅದರ ಮೇಲೆ ಬಾಡಿಗೆಗೆ ಕೊಡುವ ಇನ್ನೊಂದು ಮನೆ ಇದೆ. ಯಾರನ್ನು ಮೇಲೆ ಹತ್ತಿಸಬೇಕು, ಯಾರನ್ನು ಗೇಟಿನಿಂದಲೇ ಕಳಿಸಬೇಕು ಅನ್ನುವುದರಲ್ಲಿ ನನ್ನಷ್ಟು ಕಟ್ಟುನಿಟ್ಟಿನವಳು ನಮ್ಮ ರಸ್ತೆಯಲ್ಲಿ ಇನ್ನೊಬ್ಬಳಿಲ್ಲ. ಅಂಥ ನನ್ನ ಮನೆಗೆ ಒಬ್ಬ ತಾಯಿ, ಗಾಂಜಾ ಚಟದಿಂದ ಆಗಷ್ಟೇ ಹೊರಗೆ ಬಂದಿದ್ದ ಮಗನನ್ನು ಉಳಿಸಿಕೊಳ್ಳಬೇಕು, ಒಂದು ಸೂರು ಕೊಡಿ ಎಂದು ಕೇಳಿಕೊಂಡು ಬಂದಳು. ಅಷ್ಟು ಮನೆಗಳನ್ನು ಬಿಟ್ಟು ಅವಳು ನಮ್ಮ ಗೇಟಿಗೇ ಬರಲು ಕಾರಣ ನನ್ನ ಬಾಯಿ.

ನವೆಂಬರ್ ಬಂತೆಂದರೆ ನಮ್ಮ ಬಡಾವಣೆಯವರಿಗೆ ಕನ್ನಡ ಪ್ರೇಮ ಉಕ್ಕಿ ಹರಿಯುತ್ತದೆ. ರಸ್ತೆಗೆ ಅಡ್ಡಲಾಗಿ ಶಾಮಿಯಾನ, ಆರ್ಕೆಸ್ಟ್ರಾ, ರಂಗೋಲಿ ಸ್ಪರ್ಧೆ, ದೊಡ್ಡವರಿಗೆ ಚರ್ಚಾಸ್ಪರ್ಧೆ. ಚರ್ಚೆ ಎಂದಮೇಲೆ ನಾನಿರಲೇಬೇಕು. 'ಇವಳ ಕೈಗೆ ಮೈಕ್ ಕೊಟ್ರೆ ಕರೆಂಟ್ ಹೋಗೋವರ್ಗೂ ನಿಲ್ಸಲ್ಲ' ಎಂದು ನಮ್ಮ ಯಜಮಾನರು ಬಂದವರೆದುರೆಲ್ಲ ಹೇಳುತ್ತಾರೆ. ಹೇಳಿಕೊಳ್ಳಲಿ. ಆ ವರ್ಷ ವಿಷಯ ಆರಿಸಿದ್ದು ಹುಡುಗರು: ಗಾಂಜಾವನ್ನು ಕಾನೂನುಬದ್ಧ ಮಾಡಬೇಕೇ, ಬೇಡವೇ? ಹಿರಿಯರು ಒಂದಿಷ್ಟು ಗೊಣಗಿದರು. ಹೊರದೇಶಗಳಲ್ಲಿ ಅಂಗಡಿಯಲ್ಲೇ ಮಾರುತ್ತಾರಂತೆ, ಉತ್ತರದ ಕಡೆ ಸರ್ಕಾರದ ಲೈಸೆನ್ಸ್ ಇಟ್ಟುಕೊಂಡು ಭಂಗಿ ಮಾರುತ್ತಾರಂತೆ, ಮಾತಾಡಿದರೆ ತಪ್ಪೇನು ಎಂದು ಹುಡುಗರು ಪಟ್ಟು ಹಿಡಿದರು.

ನನಗೆ ಹಬ್ಬ! ಗಾಂಜಾ ವಿರುದ್ಧ ಮಾತಾಡುವುದು ಎಷ್ಟು ಹೊತ್ತಿನ ಕೆಲಸ? ಹಾಳಾದ ಸಂಸಾರ, ಕಣ್ಣೀರಿಡುವ ತಾಯಿ, ನಡುವೆ ಒಂದು ವಚನ, ಎಲ್ಲವನ್ನೂ ಹೊಂಚಿಕೊಂಡು ರೇಷ್ಮೆ ಸೀರೆಯುಟ್ಟು ವೇದಿಕೆ ಹತ್ತಿದೆ. ಪರ ಯಾರು, ವಿರೋಧ ಯಾರು ಎನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಾರೆ ಅನ್ನುವುದು ಮೇಲೆ ಹೋದಮೇಲೆ ಗೊತ್ತಾಯಿತು. ನನ್ನ ಚೀಟಿ ಬಿಚ್ಚಿದರೆ 'ಪರ'! ಅಯ್ಯೋ ಶಿವನೇ ಅಂದುಕೊಂಡೆ. ನನ್ನ ಎದುರಾಳಿ ನಮ್ಮ ಹಿಂದಿನ ರಸ್ತೆಯ ನಿವೃತ್ತ ಹೆಡ್ಮಾಸ್ತರರು.

'ಸಾರ್, ಬದಲಾಯಿಸ್ಕೊಳೋಣ್ವಾ?' ಎಂದು ಮೆಲ್ಲಗೆ ಕೇಳಿದೆ.

'ಚೀಟಿ ಅಂದ್ರೆ ಚೀಟಿ ತಾಯಿ' ಎಂದು ಅವರು ಹಾಲು ಕುಡಿದ ಬೆಕ್ಕಿನ ಹಾಗೆ ಕೂತರು.

ನನಗೆ ಪಿತ್ತ ನೆತ್ತಿಗೇರಿತು. ಸೋಲುವುದಾದರೂ ಕಾಟಾಚಾರಕ್ಕೆ ಮಾತಾಡಿ ಸೋಲುವವಳಲ್ಲ ನಾನು. ಮೈಕ್ ಹಿಡಿದವಳೇ ಶುರು ಮಾಡಿದೆ. 'ನಮ್ಮೂರಲ್ಲಿ ಭಜನೆಮನೆ ಹಿಂದೆ ಆ ಗಿಡ ತಾನಾಗೇ ಬೆಳೀತಿತ್ತು. ಭಜನೆ ಮಾಡೋ ಅಜ್ಜಂದಿರು ಚಿಲುಮೆ ಸೇದ್ತಿದ್ರು. ಅವರನ್ನ ಹಿಡಿಯೋಕೆ ಯಾವ ಪೊಲೀಸೂ ಬರ್ತಿರ್ಲಿಲ್ಲ. ಈಗ ನೋಡಿ, ನಮ್ಮ ಮೇನ್ ರೋಡಲ್ಲಿ ದೇವಸ್ಥಾನಕ್ಕಿಂತ ಬಾರ್ ಜಾಸ್ತಿ. ಶನಿವಾರ ಸಾಯಂಕಾಲ ಎರಡು ಪೆಗ್ ಹಾಕ್ಕೊಂಡು ಬಂದು ನನಗೇ ಸಂಸ್ಕಾರದ ಪಾಠ ಹೇಳೋ ಒಬ್ರು ಮುಂದಿನ ಸಾಲಲ್ಲೇ ಕೂತಿದಾರೆ!' ಜನ ಹೋ ಎಂದು ನಕ್ಕರು. ಯಜಮಾನರು ಕುರ್ಚಿಯ ಕೆಳಗೆ ಏನನ್ನೋ ಹುಡುಕತೊಡಗಿದರು.

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಬಾಯಿಗೆ ಓಟ ಸಿಕ್ಕಿಬಿಟ್ಟಿತ್ತು. 'ಕುಡುಕನ ಹೆಂಡ್ತಿ ಪಕ್ಕದ ಮನೆಯವಳ ಹತ್ರ ಹೇಳ್ಕೊಂಡು ಅತ್ತು ಹಗುರ ಆಗ್ತಾಳೆ. ಗಾಂಜಾ ಸೇದೋ ಹುಡುಗನ ತಾಯಿ ಯಾರ ಹತ್ರ ಅಳ್ಬೇಕು? ಬಾಯಿ ಬಿಟ್ರೆ ಮಗ ಜೈಲಿಗೆ, ಮುಚ್ಚಿಟ್ರೆ ಮಗ ಮಸಣಕ್ಕೆ. ಕಾನೂನು ಮಾಡೋರು ಆ ತಾಯಿಗೆ ಒಂದು ಬಾಗಿಲು ಬಿಡ್ಬೇಕೋ ಬೇಡ್ವೋ?' ಈ ಮಾತು ನಾನು ಮೊದಲೇ ಯೋಚಿಸಿದ್ದಲ್ಲ, ಆಣೆ ಮಾಡಿ ಹೇಳುತ್ತೇನೆ. ಶಾಮಿಯಾನದಡಿ ಚಪ್ಪಾಳೆಯೋ ಚಪ್ಪಾಳೆ. ಮೊದಲನೇ ಬಹುಮಾನ, ಒಂದು ಪ್ರೆಶರ್ ಕುಕ್ಕರ್, ನನಗೇ ಬಂತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಅಜ್ಜಿಯ ಕಾಲದಲ್ಲಿ ವಾಟ್ಸಾಪ್ ಇರಲಿಲ್ಲ. ಈಗ ಆಡಿದ ಮಾತು ಹೋಗುವುದೇ ಇಲ್ಲ, ಊರೆಲ್ಲ ಸುತ್ತುತ್ತದೆ. ಯಾರೋ ಪುಣ್ಯಾತ್ಮರು ನನ್ನ ಭಾಷಣವನ್ನು ಫೋನಿನಲ್ಲಿ ಹಿಡಿದು, ಚೀಟಿ ಎತ್ತಿದ ಭಾಗ ಕತ್ತರಿಸಿ, ಉಳಿದದ್ದನ್ನು ಬಿಟ್ಟುಬಿಟ್ಟರು. ಹೂವಿನವಳು ಮೊಳ ಹಾಕುತ್ತಾ, 'ಅಕ್ಕಾ, ಯಾವತ್ತಿಂದ ಸೊಸೈಟೀಲಿ ಕೊಡ್ತಾರಂತೆ?' ಎಂದು ಕೇಳಿದಳು. ಬಿಟಿಎಂ ಲೇಔಟಿನಲ್ಲಿರುವ ನನ್ನ ತಂಗಿ ಫೋನ್ ಮಾಡಿ, ಅವಳ ಯೋಗ ಕ್ಲಾಸಿನವರೆಲ್ಲ ನನ್ನನ್ನು ಗಾಂಜಾ ಆಂಟಿ ಅನ್ನುತ್ತಿದ್ದಾರೆ ಎಂದು ನಗುವುದೋ ಅಳುವುದೋ ತಿಳಿಯದೆ ಒದ್ದಾಡಿದಳು.

ಮೇಲಿನ ಮನೆ ಆಗ ಖಾಲಿಯಿತ್ತು. ಟು ಲೆಟ್ ಬೋರ್ಡ್ ನೋಡಿ ನೀಟಾದ ಸಂಸಾರಗಳು ಬರುತ್ತಿದ್ದವು, ನನ್ನ ಮುಖ ನೋಡಿ, ಮೊಬೈಲ್ ನೋಡಿ, ಮತ್ತೆ ಮುಖ ನೋಡಿ ಹೊರಟುಹೋಗುತ್ತಿದ್ದವು. ಬಿಡದೆ ಬಂದವರೆಂದರೆ ಗಡ್ಡ ಬಿಟ್ಟ ಹುಡುಗರು. 'ಆಂಟಿ, ನೀವು ಸಖತ್ ಆಂಟಿ! ನಿಮ್ಮಂಥ ಓನರ್ ಸಿಗಲ್ಲ. ಟೆರೇಸ್ ಫ್ರೀ ಇರತ್ತಲ್ವಾ?' ಎಂದ ಒಬ್ಬ. ಪೊರಕೆ ಕೈಲಿತ್ತು. ಅವರು ಬೈಕ್ ಹತ್ತಿದ ವೇಗ ನೋಡಿ ಯಜಮಾನರು ವಾರಗಟ್ಟಲೆ ನಕ್ಕರು.

ಅವಳು ಬಂದದ್ದು ಇಂಥ ದಿನಗಳಲ್ಲೇ, ಒಂದು ಬೆಳಗ್ಗೆ. ನನಗಿಂತ ಚಿಕ್ಕವಳು, ಇಸ್ತ್ರಿ ಮಾಡಿದ ಕಾಟನ್ ಸೀರೆ. ಮನೆ ನೋಡಬೇಕು ಎನ್ನಲಿಲ್ಲ. ಜಗಲಿಯ ಮೇಲೆ ಕೂತವಳೇ ನೇರವಾಗಿ ಶುರು ಮಾಡಿದಳು.

'ಅಕ್ಕಾ, ನಾವಿರೋದು ಸುದ್ದಗುಂಟೆಪಾಳ್ಯದಲ್ಲಿ. ನನ್ನ ಮಗ ಮೊಬೈಲ್ ರಿಪೇರಿ ಅಂಗಡೀಲಿ ಕೆಲ್ಸ ಮಾಡ್ತಾನೆ. ಗಾಂಜಾ ಸೇದ್ತಿದ್ದ. ಆಮೇಲೆ ಅದಕ್ಕಿಂತ ಕೆಟ್ಟದ್ದೂ ತಗೊಂಡ. ಈಗ ಚಟ ಬಿಡಿಸೋ ಸೆಂಟರಲ್ಲಿದ್ದು ಬಿಟ್ಟು ಬಂದಿದಾನೆ. ಆದ್ರೆ ಹಳೇ ಸ್ನೇಹಿತ್ರು ದಿನಾ ಬಾಗಿಲಿಗೆ ಬರ್ತಾರೆ. ಆ ಏರಿಯಾ ಬಿಡಿಸ್ಬೇಕು, ಇಲ್ದಿದ್ರೆ ನನ್ನ ಮಗ ಉಳಿಯಲ್ಲ. ನಿಮ್ಮ ವಿಡಿಯೋ ನೋಡ್ದೆ. ಅದಕ್ಕೇ ಬಂದೆ.'

ಇದನ್ನು ಬೆಳೆಯಲು ಬಿಡಬಾರದು ಎಂದು, 'ನೋಡಮ್ಮಾ, ಅದು ಚೀಟೀಲಿ ಬಂದ ಮಾತು. ವಿರೋಧ ಅಂತ ಬಂದಿದ್ರೆ ವಿರೋಧಾನೇ ಮಾತಾಡ್ತಿದ್ದೆ' ಎಂದೆ.

ಅವಳು ಬೇಸರ ಮಾಡಿಕೊಳ್ಳಲಿಲ್ಲ. 'ಇರ್ಲಿ ಅಕ್ಕಾ. ಮಗನ ಈ ವಿಷಯ ನಾನು ನಮ್ಮಮ್ಮನ ಹತ್ರಾನೂ ಹೇಳಿಲ್ಲ. ಮಗ ಪುಣೇಲಿ ಟ್ರೈನಿಂಗಲ್ಲಿದಾನೆ ಅಂತ ಎಲ್ರಿಗೂ ಸುಳ್ಳು ಹೇಳ್ದೆ. ಇವತ್ತೇ ಮೊದ್ಲು ಬಾಯಿಬಿಟ್ಟು ಹೇಳಿದ್ದು. ಮನೆ ಕೊಡಿ, ಬಿಡಿ, ಹೇಳಿದ್ಮೇಲೆ ಎದೆ ಹಗುರ ಆಯ್ತು' ಎಂದಳು.

ಕರುಳು ಚುರ್ರೆಂದಿತು. ಆದರೂ ಭಯ ದೊಡ್ಡದು. ನಮ್ಮ ಕಡೆ ಮನೆ ಓನರ್ ಹೆಂಗಸರಿಗೆಲ್ಲ ಒಂದು ಮಂತ್ರ ಗೊತ್ತು, ನಾನೂ ಅದನ್ನೇ ಹೇಳಿದೆ. 'ನಮ್ಮೆಜಮಾನ್ರನ್ನ ಒಂದ್ಮಾತು ಕೇಳಿ ಹೇಳ್ತೀನಮ್ಮಾ.' ಅದರ ಅರ್ಥ ಇಲ್ಲ ಎಂದು. ಯಜಮಾನರನ್ನು ಯಾರೂ ಕೇಳುವುದಿಲ್ಲ.

ಅವಳಿಗೂ ಅರ್ಥವಾಯಿತು. ಎದ್ದು ಸೆರಗು ಸರಿಮಾಡಿಕೊಂಡಳು. 'ಕೇಳಿ ಅಕ್ಕಾ. ತಾಯಿ ಮಗ ಇಬ್ರೇ ಅಂದಿದ್ದಕ್ಕೇ ಅಂಜನಾಪುರದಲ್ಲೂ ಯಜಮಾನ್ರು ಒಪ್ಪಲಿಲ್ಲ, ಬನಶಂಕರೀಲೂ ಯಜಮಾನ್ರು ಒಪ್ಪಲಿಲ್ಲ. ಒಬ್ಬ ಯಜಮಾನ್ರ ಮುಖಾನೂ ನಾನು ನೋಡ್ಲಿಲ್ಲ!' ಎಂದು ನಕ್ಕಳು. ಅಷ್ಟು ಕಷ್ಟದಲ್ಲೂ ನಕ್ಕಳು ನೋಡಿ, ನನಗೂ ನಗು ತಡೆಯಲಾಗಲಿಲ್ಲ.

ಒಳಗೆ ಅವರೆಕಾಯಿ ಬಿಡಿಸುತ್ತಿದ್ದ ನಮ್ಮವರು ಮೊರ ಹಿಡಿದುಕೊಂಡೇ ಹೊರಗೆ ಬಂದರು. 'ನೋಡಮ್ಮಾ, ಮುಖ ಇದೇ. ನನ್ನ ಹೆಸರು ಹೇಳಿ ಇವಳು ಎಷ್ಟು ಜನಾನ ವಾಪಸ್ ಕಳ್ಸಿದಾಳೋ ಆ ದೇವರಿಗೇ ಗೊತ್ತು.'

ಅವರ ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದೆ. 'ರೀ, ಸುಮ್ನಿರಿ. ನಾಳೆ ಪೊಲೀಸ್ ಬಂದ್ರೆ? ಪಕ್ಕದ ಮನೆಯವ್ರು ಏನಂತಾರೆ?'

'ಸ್ಟೇಜ್ ಮೇಲೆ ಬಾಗ್ಲು ಬಿಡ್ಬೇಕು ಅಂದೆ, ಇಲ್ಲಿ ಗೇಟ್ ಹಾಕ್ತಿದೀಯ. ಹೇಳೋದು ಶಾಸ್ತ್ರ, ತಿನ್ನೋದು ಬದನೇಕಾಯಿ.'

'ಅದು ಚೀಟಿ ಮಾತು ಅಂತ ಎಷ್ಟು ಸಲ ಹೇಳ್ಬೇಕು ನಿಮಗೆ?'

'ಚೀಟಿ ಮಾತಾದ್ರೆ ಕುಕ್ಕರ್ ಯಾಕೆ ಇಟ್ಕೊಂಡೆ? ವಾಪಸ್ ಕೊಡ್ಬೇಕಿತ್ತು' ಎಂದರು. ಕಾಳು ಎಣಿಸುವ ಹಾಗೆ ಮೊರ ನೋಡುತ್ತಾ ಸೇರಿಸಿದರು, 'ಕೊಡ್ತೀಯೋ ಬಿಡ್ತೀಯೋ ನಿನ್ನಿಷ್ಟ. ಇಲ್ಲ ಅನ್ನೋದಾದ್ರೆ ನಿನ್ನ ಹೆಸರಲ್ಲೇ ಅನ್ನು. ನನ್ನ ಹೆಸರು ಎಳೀಬೇಡ.'

ಜೀವಮಾನದಲ್ಲಿ ಈ ಮನುಷ್ಯ ನನ್ನೆದುರು ಗೆದ್ದದ್ದು ಅದೊಂದೇ ಸಲ. ಸಿಟ್ಟು ಬಂತು, ಒಳಗೊಳಗೇ ಹೆಮ್ಮೆಯೂ ಆಯಿತು. ಹೊರಗೆ ಬಂದು ದೊಡ್ಡ ಗಂಟಲಲ್ಲಿ ಷರತ್ತು ಹಾಕತೊಡಗಿದೆ. ಟೆರೇಸಿನಲ್ಲಿ ಗುಂಪು ಸೇರುವಂತಿಲ್ಲ, ಹಳೆಯ ಸ್ನೇಹಿತರು ಈ ಗೇಟು ದಾಟುವಂತಿಲ್ಲ, ಹುಡುಗ ದಿನವೂ ಕೆಲಸಕ್ಕೆ ಹೋಗಬೇಕು. 'ಮತ್ತೆ ಅವನು ಅದನ್ನ ಮುಟ್ಟಿದ್ರೆ ನನ್ನ ಹತ್ರ ಮುಚ್ಚಿಡ್ಬಾರ್ದು, ತಕ್ಷಣ ಬಂದು ಹೇಳ್ಬೇಕು' ಎಂದೆ.

ಎಲ್ಲದಕ್ಕೂ ತಲೆಯಾಡಿಸಿದವಳು ಇದಕ್ಕೆ ಮಾತ್ರ ನನ್ನ ಮುಖ ನೋಡಿ ಕೇಳಿದಳು. 'ಹೇಳ್ತೀನಿ ಅಕ್ಕಾ. ಆದ್ರೆ ಹೇಳಿದ್ರೆ ಮನೆ ಖಾಲಿ ಮಾಡಿಸ್ತೀರಾ?'

ಮತ್ತೆ? ಮಾಡಿಸದೆ ಬಿಡುತ್ತೇನಾ? ಎನ್ನುವ ಮಾತು ತುಟಿಗೆ ಬಂದಿತ್ತು. ಅಲ್ಲೇ ನಿಂತಿತು. ಹಾಗಂದರೆ ಅವಳು ಯಾಕಾದರೂ ಬಂದು ಹೇಳಿಯಾಳು? ಸುಮ್ಮನೆ ಬಾಗಿಲು ಹಾಕಿಕೊಂಡು ಒಳಗೇ ಬೇಯುತ್ತಾಳೆ, ಮತ್ತೊಂದು ಟ್ರೈನಿಂಗ್ ಕಥೆ ಕಟ್ಟುತ್ತಾಳೆ. ಇಷ್ಟು ಸಾವಿರ ಜನ ಇಷ್ಟು ವರ್ಷದಿಂದ ಜಗಳವಾಡುತ್ತಿರುವ ವಿಷಯ ನನ್ನ ಗೇಟಿನ ಮುಂದೆ ಒಂದೇ ಪ್ರಶ್ನೆಯಾಗಿ ನಿಂತಿತ್ತು, ಇಲ್ಲಿ ಚೀಟಿ ಎತ್ತಿ ಕೊಡುವವರು ಯಾರೂ ಇರಲಿಲ್ಲ.

'ಮಾಡ್ಸಲ್ಲ' ಎಂದೆ.

ತಾಯಿ ಮಗ ಬಂದು ಹಾಲು ಉಕ್ಕಿಸಿದರು. ವಿಷಯ ತಿಳಿದ ಹೆಡ್ಮಾಸ್ತರರು, 'ನೀವು ನಿಜವಾಗ್ಲೂ ಪರ ಅಂತ ಈಗ ಗೊತ್ತಾಯ್ತು' ಎಂದು ಮುಖ ಸಿಂಡರಿಸಿದರು. 'ಅಂಗಡೀಲಿ ಮಾರ್ಬೇಕೋ ಬೇಡ್ವೋ ನನಗಿನ್ನೂ ಗೊತ್ತಿಲ್ಲ ಸಾರ್. ಮನೆ ಕೊಟ್ಟಿದೀನಿ ಅಷ್ಟೇ' ಎಂದೆ. ಹುಡುಗ ಉದ್ದಕ್ಕಿದ್ದ, ಮಾತು ಕಮ್ಮಿ, ನಗು ಚೆನ್ನಾಗಿತ್ತು. ನನ್ನನ್ನು ದೊಡ್ಡಮ್ಮ ಎನ್ನತೊಡಗಿದ. ಗ್ಯಾಸ್ ಸಿಲಿಂಡರ್ ಎತ್ತಿಡುತ್ತಿದ್ದ, ನಮ್ಮವರ ಫೋನ್ ಸರಿಮಾಡಿಕೊಟ್ಟ. ಎರಡೇ ತಿಂಗಳಲ್ಲಿ ಹೆಡ್ಮಾಸ್ತರರೂ ತಮ್ಮ ಫೋನ್ ಹಿಡಿದುಕೊಂಡು ಬಂದರು. ನಾನು ಕಾಫಿ ಕೊಟ್ಟೆ, ಸಕ್ಕರೆ ಮಾತ್ರ ಕಮ್ಮಿ ಹಾಕಿದೆ.

ಯುಗಾದಿಯ ಮರುದಿನ ಮಧ್ಯಾಹ್ನ ಹೋಳಿಗೆ ಬಿಸಿ ಮಾಡುತ್ತಿದ್ದೆ. ಅಡುಗೆಮನೆಯ ಬಾಗಿಲಲ್ಲಿ ಅವಳು ನಿಂತಿದ್ದಳು. ತಲೆ ಬಾಚಿರಲಿಲ್ಲ.

'ಅಕ್ಕಾ, ನಿನ್ನೆ ಅವನು ಮತ್ತೆ ತಗೊಂಡಿದಾನೆ.'

ಆ ಹುಡುಗನ ಮೇಲೆ ಎಂಥ ಕೋಪ ಬಂತೆಂದರೆ, ಎದುರಿಗಿದ್ದಿದ್ದರೆ ಮಗುಚುವ ಕೈಯಿಂದಲೇ ಎರಡು ಬಿಡುತ್ತಿದ್ದೆ. ಆದರೆ ಅವಳು ಮೆಟ್ಟಿಲಿಳಿದು ಬಂದಿದ್ದಳು. ಸುಳ್ಳು ಕಟ್ಟಲಿಲ್ಲ, ಬಾಗಿಲು ಹಾಕಿಕೊಳ್ಳಲಿಲ್ಲ, ನೇರವಾಗಿ ನನ್ನ ಹತ್ತಿರ ಬಂದು ಹೇಳಿದಳು. ಅದಕ್ಕೆ ನನಗೆ ಎಷ್ಟು ಸಂತೋಷವಾಯಿತೋ ಹೇಳಲಾರೆ, ಅಂಥ ಹೊತ್ತಿನಲ್ಲಿ ಸಂತೋಷಪಡುವುದು ಸರಿಯೋ ತಪ್ಪೋ ಅದೂ ಗೊತ್ತಿಲ್ಲ. ಒಲೆ ಆರಿಸಿ ಕೈ ತೊಳೆದೆ.

'ಅವನನ್ನ ಕೆಳಗೆ ಕರಿ' ಎಂದೆ. 'ಎರಡು ಹೋಳಿಗೆ ತಿನ್ಲಿ. ಆಮೇಲೆ ಮೂರೂ ಜನ ಡಾಕ್ಟ್ರ ಹತ್ರ ಹೋಗೋಣ.'