ಎಂಟು ಗೆರೆಯ ಸೀಸೆ

ನಮ್ಮ ಅತ್ತೆಯವರು ಬೆಂಕಿಪೆಟ್ಟಿಗೆ ಒಂದನ್ನು ಬಿಟ್ಟು ಪೇಟೆಯಿಂದ ಬಂದದ್ದನ್ನೆಲ್ಲ ತೊಳೆಯುತ್ತಿದ್ದರು. ತೆಂಗಿನಕಾಯಿ ತೊಳೆಯುವರು, ಬೆಲ್ಲಕ್ಕೂ ನಾಲ್ಕು ಹನಿ ನೀರು ಚಿಮುಕಿಸಿಯೇ ಒಳಗೆ ತೆಗೆದುಕೊಳ್ಳುವರು. ಅವರ ಮಡಿ ಅಂದರೆ ಓಣಿಗೆಲ್ಲ ನಗೆ. ಅಂಥವರ ಮನೆಗೆ ದವಾಖಾನೆಯಿಂದ ಔಷಧದ ಸೀಸೆ ಬಂದರೆ ಅದು ಬಚ್ಚಲು ಕಾಣದೆ ಅಡುಗೆಮನೆ ಸೇರುವುದು ಸಾಧ್ಯವೇ ಇರಲಿಲ್ಲ.

ನಮ್ಮ ಭಾಗ ಮೈಸೂರು ರಾಜ್ಯಕ್ಕೆ ಸೇರಿ ಒಂದೆರಡು ವರ್ಷವಾಗಿತ್ತು. ಮೂಡಲಗಿಯ ಹೆಣ್ಣುಮಕ್ಕಳ ಶಾಲೆಗೆ ನಾನು ಹೊಸದಾಗಿ ಅಕ್ಕೋರಾಗಿ ಸೇರಿದ್ದೆ. ನಮ್ಮ ಕಡೆ ಶಿಕ್ಷಕಿಗೆ ಹಾಗೇ ಅನ್ನುತ್ತಾರೆ. ನಮ್ಮವರಿಗೆ ಹುಕ್ಕೇರಿಯಲ್ಲಿ ನೌಕರಿ, ತಿಂಗಳಿಗೆ ಎರಡು ಸಲ ಬರುತ್ತಿದ್ದರು. ಮನೆಯಲ್ಲಿ ನಾನು, ಅತ್ತೆ, ಒಂದು ಎಮ್ಮೆ. "ದೀಪಾವಳಿ ತನಕ ಮಾಡಿ ನೋಡು. ಮೈಗೆ ಆಗಲಿಲ್ಲ ಅಂದ್ರ ಬಿಟ್ಟು ಹುಕ್ಕೇರಿಗೆ ಬಾ" ಎಂದು ನಮ್ಮವರು ಹೇಳಿದ್ದರು. ಕೆಟ್ಟ ಮಾತೇನಲ್ಲ. ಆದರೆ ನನಗೆ ಆ ನೌಕರಿ ಬೇಕಾಗಿತ್ತು. ಹಲಗೆಯ ಮುಂದೆ ಸುಣ್ಣದ ಕಡ್ಡಿ ಹಿಡಿದು ನಿಂತಾಗ ನಾನು ಯಾರ ಸೊಸೆಯೂ ಅಲ್ಲ, ಯಾರ ಹೆಂಡತಿಯೂ ಅಲ್ಲ, ಬರೀ ನಾನು ಅನ್ನಿಸುತ್ತಿತ್ತು. ಆ ಸುಖವನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ.

ಮೈ ಮಾತ್ರ ನನ್ನ ಮಾತು ಕೇಳಲಿಲ್ಲ. ನಾಲ್ಕೇ ತಿಂಗಳಲ್ಲಿ ಎದೆಯುರಿ, ಮೀನಖಂಡ ಹಿಡಿದುಕೊಳ್ಳುವುದು, ಮೂರು ಮೂರು ದಿನ ಹೊಟ್ಟೆ ಕಟ್ಟುವುದು ಶುರುವಾಯಿತು. ಕಾರಣ ನನಗೆ ಗೊತ್ತಿತ್ತು. ಶಾಲೆಗೆ ಗಡಿಯಾರವಿತ್ತು, ಗೋಡೆಗೆ ನಕಾಶೆಯಿತ್ತು, ಹೆಂಗಸರು ಹೋಗಲು ಜಾಗವಿರಲಿಲ್ಲ. ಊರಿನ ಹೆಣ್ಣುಮಕ್ಕಳೆಲ್ಲ ನಸುಕಿನಲ್ಲಿ ಚರಿಗೆ ಹಿಡಿದು ಬಯಲಿಗೆ ಹೋಗಿ ಬಂದರೆ ಮತ್ತೆ ಹೊತ್ತು ಮುಳುಗಿದ ಮೇಲೆಯೇ. ನಡುವೆ ಹೊಟ್ಟೆಗೆ ತಿಳಿಹೇಳಬೇಕು. ಹೀಗಾಗಿ ಹತ್ತರಿಂದ ಐದರ ತನಕ ನಾನು ಗುಟುಕು ನೀರು ಕುಡಿಯುತ್ತಿರಲಿಲ್ಲ. ಮಕ್ಕಳೂ ಕುಡಿಯುತ್ತಿರಲಿಲ್ಲ. ದೊಡ್ಡವಳಾದ ಹುಡುಗಿಯಂತೂ ಶಾಲೆಗೇ ಬರುತ್ತಿರಲಿಲ್ಲ.

ಗೋಕಾಕದ ಡಾಕ್ಟರು ನಾಡಿ ನೋಡಿ, "ನೀರ ಭಾಳ ಕುಡೀಬೇಕ್ರಿ" ಎಂದರು. ಹೂಂ ಎಂದೆ. ಗಂಡಸಿನ ಮುಂದೆ ಇನ್ನೇನು ಹೇಳಲಿ? ಕಂಪೌಂಡರ್ ಒಂದು ಸೀಸೆ ತುಂಬ ಬಿಳಿ ಔಷಧ ಹಾಕಿದ. ಸೀಸೆಯ ಬೆನ್ನಿಗೆ ಕಚ್ಚು ಹಾಕಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿದ. ಒಂದು ಕಚ್ಚಿನಿಂದ ಇನ್ನೊಂದಕ್ಕೆ ಒಂದು ಗೆರೆ, ಅಂದರೆ ಒಂದು ಸಲದ ಔಷಧ. "ಮ್ಯಾಗ್ನೇಶಿಯಾ ಐತ್ರಿ. ಉರೀನೂ ತಣಸ್ತೈತಿ, ಹೊಟ್ಟೀನೂ ಸಾಫ್ ಮಾಡ್ತೈತಿ. ಮುಂಜಾನಿ ಒಂದ ಗೆರಿ, ಸಂಜಿಕ ಒಂದ ಗೆರಿ. ನಾಕ ದಿನಕ್ಕ ಆಗ್ತೈತಿ" ಎಂದ.

ನಾನು ಮನೆಗೆ ಬಂದು ಸ್ನಾನಕ್ಕೆ ಹೋದದ್ದೇ ತಡ, ಅತ್ತೆಯವರು ಸೀಸೆಯನ್ನು ಬೂದಿ ಹಚ್ಚಿ ತಿಕ್ಕಿದ್ದಾರೆ. ಪಟ್ಟಿ ಕಿತ್ತು ಮೋರಿ ಸೇರಿತು. ಗಾಬರಿಯಾಗಿ ಬೇರೆ ಕಾಗದ ಹುಡುಕಿ, ಮಡಚಿ, ಕಚ್ಚು ಹಾಕಿ, ಜೋಳದ ಹಿಟ್ಟಿನ ಅಂಟಿನಿಂದ ಎಷ್ಟು ನೀಟಾಗಿ ಅಂಟಿಸಿದರೆಂದರೆ ನನಗೆ ಆಗ ಗುರುತೇ ಹತ್ತಲಿಲ್ಲ. ಮೂರು ಸಲ ಮಡಚಬೇಕಾದ ಕಾಗದವನ್ನು ಎರಡೇ ಸಲ ಮಡಚಿದ್ದರು. ಎಂಟಾಗಬೇಕಾದ ಪಾಲು ನಾಲ್ಕಾಯಿತು. ನಾನು ಒಂದು ಗೆರೆ ಎಂದು ಕುಡಿದದ್ದು ಎರಡು ಗೆರೆಯ ಔಷಧ.

ಸಂಜೆ ಕುಡಿದೆ, ಮರುದಿನ ಮುಂಜಾನೆ ಕುಡಿದೆ. ಹನ್ನೊಂದರ ಹೊತ್ತಿಗೆ ಮೂರನೇ ಇಯತ್ತೆಯಲ್ಲಿ ಹಲಗೆಯ ಮೇಲೆ ಲೆಕ್ಕ ಬರೆಯುತ್ತಿದ್ದೆ. ಹೊಟ್ಟೆಯಲ್ಲಿ ಗುಡುಗಿತು. ಮುಂದಿನ ಸಾಲಿನ ಹುಡುಗಿ ತಲೆ ಎತ್ತಿ ನೋಡಿದಳು. "ಎಲ್ಲಾರೂ ಹದಿನೇಳರ ಮಗ್ಗಿ ಅನ್ರಿ" ಎಂದು ಹೇಳಿ ಮನೆಗೆ ಓಡಿದೆ. ಮನೆಯ ಹಿತ್ತಲಲ್ಲಿ ಜೋಳದ ಕಣಿಕೆಯ ಬಣಿವೆಯಿತ್ತು. ಅತ್ತೆಯವರು ನನ್ನ ಮುಖ ನೋಡಿದವರೇ ಒಂದು ಮಾತೂ ಕೇಳದೆ ಬಣಿವೆಯ ಹಿಂದೆ ಕರೆದುಕೊಂಡು ಹೋದರು. ಹಗ್ಗದ ಮೇಲಿದ್ದ ತಮ್ಮ ಮಡಿಸೀರೆಯನ್ನು ಎಳೆದು, ಎರಡೂ ಕೈಯಲ್ಲಿ ಅಗಲವಾಗಿ ಹಿಡಿದು, ನನಗೆ ಬೆನ್ನು ಮಾಡಿ ನಿಂತರು. ಆ ಸೀರೆಯನ್ನು ಅವರ ಮಗ ಮುಟ್ಟಿದರೂ ಮತ್ತೆ ಒಗೆಯುತ್ತಿದ್ದರು. ಆ ದಿನ ನನ್ನ ಸಲುವಾಗಿ ಅದನ್ನು ಮೂರು ಸಲ ಹಿಡಿದರು.

ಮೂರನೇ ಸಲ ಶಾಲೆಗೆ ತಿರುಗಿ ಬಂದಾಗ ಹೆಡ್‌ಮಾಸ್ತರರು ಬಾಗಿಲಲ್ಲೇ ಇದ್ದರು. "ಅಕ್ಕೋರ, ಹಿಂಗ ವರ್ಗ ಬಿಟ್ಟ ಓಡಿದ್ರ ಹ್ಯಾಂಗ್ರಿ? ತಬ್ಬೇತ ನೆಟ್ಟಗಿಲ್ಲಂದ್ರ ರಾಜೀನಾಮಿ ಕೊಟ್ಟ ಆರಾಮ ತಗೋರಿ" ಎಂದರು. ಮಕ್ಕಳ ಎದುರಿಗೇ ಹೇಳಿದರು. ಅವತ್ತು ಸಂಜೆ ಒಂದು ದೊಡ್ಡ ಹಾಳೆಯಲ್ಲಿ ರಾಜೀನಾಮೆ ಬರೆದು, ಗೋಡೆಯ ಗೂಡಿನಲ್ಲಿಟ್ಟು, ಒಲೆಯ ಮುಂದೆ ಕುಳಿತು ಅತ್ತುಬಿಟ್ಟೆ. ನಾಚಿಕೆಗಿಂತ ಸಿಟ್ಟು ಹೆಚ್ಚಾಗಿತ್ತು.

ಅತ್ತೆಯವರು ಸೀಸೆ ಎತ್ತಿ ಬೆಳಕಿಗೆ ಹಿಡಿದರು. "ನಾಕ ದಿನಕ್ಕ ಅಂದಿದ್ದೆಲ್ಲ, ಎರಡ ಸಲಕ್ಕ ಅರ್ಧಾ ಆಗೇತಿ. ಪಟ್ಟಿ ಮ್ಯಾಲ ಎಷ್ಟ ಪಾಲ ಇದ್ದೂ?"

"ಕಂಪೌಂಡರ್ ಎಂಟ ಹಾಕಿದ್ದ್ರಿ."

ಅವರು ಪಟ್ಟಿಯ ಪಾಲುಗಳನ್ನು ಬೆರಳಿಟ್ಟು ಎಣಿಸಿದರು. ಆಮೇಲೆ, "ತಪ್ಪ ನಂದೈತಿ. ಸೀಸೆ ತೊಳದೆ, ಪಟ್ಟಿ ಹೋತು, ನಾ ಬ್ಯಾರೆ ಹಚ್ಚಿದೆ. ನಾಕ ಹಾಕೇನಿ" ಎಂದರು. ಆ ಕಾಲದಲ್ಲಿ ಅತ್ತೆಯಾದವಳು ಸೊಸೆಗೆ ತಪ್ಪು ನನ್ನದು ಅನ್ನುವುದನ್ನು ನಾನು ಇನ್ನೆಲ್ಲೂ ಕೇಳಿಲ್ಲ. ಅದಕ್ಕೆ ಉಪ್ಪುಖಾರ ಹಚ್ಚಲಿಲ್ಲ, ನೆವ ಹೇಳಲಿಲ್ಲ. "ಆದ್ರ ಈ ಜಡ್ಡ ಮೊದಲ ಯಾಕ ಬಂತು? ಅದನ್ನ ಹೇಳು" ಎಂದರು. ಹೇಳಿದೆ. ನೀರು ಕುಡಿಯದ್ದನ್ನೂ ಹೇಳಿದೆ, ಯಾಕೆಂದೂ ಹೇಳಿದೆ.

ಮರುದಿನ ಬೆಳಿಗ್ಗೆ ಅವರು ತಾವು ಹಾಕಿದ ಒಂದು ಗೆರೆಯ ಅಳತೆಯಷ್ಟು ಔಷಧವನ್ನು ಬಟ್ಟಲಿಗೆ ಹಾಕಿ ತಾವೇ ಕುಡಿದರು.

"ಅತ್ತ್ಯಾರ, ಬ್ಯಾಡ್ರಿ!"

"ನಿನಗ ಕುಡಿಸಿದ್ದು ನನಗೂ ಗೊತ್ತಾಗ್ಲಿ. ನಡಿ, ಸಾಲಿಗೆ ನಾನೂ ಬರ್ತೇನಿ."

ಬಂದು ಶಾಲೆಯ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕುಳಿತರು. ಹನ್ನೊಂದಾಯಿತು. ಹನ್ನೊಂದೂವರೆಗೆ ಕೂತಲ್ಲೇ ಮಿಸುಕಾಡಿದರು. ಆಮೇಲೆ ಎದ್ದು ಸೀದಾ ಹೆಡ್‌ಮಾಸ್ತರರ ಮೇಜಿನ ಮುಂದೆ ನಿಂತರು. "ಮಾಸ್ತರ, ನಿಮ್ಮ ಸಾಲ್ಯಾಗ ಹೆಣ್ಣಮಕ್ಕಳಿಗೆ ಹೊರಕಡಿಗೆ ಹೋಗಾಕ ಜಾಗಾ ಎಲ್ಲೈತ್ರಿ?"

ಮಾಸ್ತರರು ಜಂತೆಗಳನ್ನು ನೋಡಿದರು.

"ಲಗೂನ ಹೇಳ್ರಿ. ನನಗ ವ್ಯಾಳ್ಯಾ ಇಲ್ಲ."

"ಇಲ್ಲವ್ವಾ" ಎಂದರು ಮಾಸ್ತರರು.

"ಹಂಗಾರ ನಾ ಮಾಡ್ತೇನಿ. ಬ್ಯಾಡ ಅನಬ್ಯಾಡ್ರಿ" ಎಂದು ಹೇಳಿ, ನಮ್ಮ ಅತ್ತೆಯವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಓಣಿಯಲ್ಲಿ ಓಡಿದರು. ಅಷ್ಟು ಜೋರಾಗಿ ಅವರು ಓಡಿದ್ದನ್ನು ಊರು ಮೊದಲ ಸಲ ಕಂಡಿತು. ಮಕ್ಕಳು ನಕ್ಕರು. ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು.

ಎರಡೇ ದಿನದಲ್ಲಿ ಶಾಲೆಯ ಹಿಂದೆ ತಗ್ಗು ತೋಡಿಸಿ, ನಾಲ್ಕು ಗಳ ನೆಡಿಸಿ, ಎಮ್ಮೆಗೆಂದು ಇಟ್ಟಿದ್ದ ಕಣಿಕೆಯಿಂದ ಸುತ್ತಲೂ ತಟ್ಟಿ ಕಟ್ಟಿಸಿದರು. ಮೇಲೆ ಸೂರಿಲ್ಲ, ಬಾಗಿಲಿಗೆ ಗೋಣಿತಾಟು. ಮಾಸ್ತರರು ಬಂದು ನೋಡಿ, "ಎಲ್ಲಾ ಖರೆ. ಆದ್ರ ಇದನ್ನ ದಿನಾ ಸ್ವಚ್ಛ ಮಾಡಾವ್ರು ಯಾರು?" ಎಂದು ಕೇಳಿದರು. ನೋಡಲು ಸೇರಿದ್ದ ಓಣಿಯ ಹೆಂಗಸರೆಲ್ಲ ನೆಲ ನೋಡಿದರು.

"ತೊಳಿಯೂದು ನನಗ ಬರ್ತೈತ್ರಿ" ಎಂದರು ಅತ್ತೆ.

ಬೆಲ್ಲಕ್ಕೂ ನೀರು ಚಿಮುಕಿಸುತ್ತಿದ್ದ ಆ ಕೈ ಅಂದಿನಿಂದ ದಿನಾಲು ಸಂಜೆ ಐದು ಗಂಟೆಗೆ ಬೂದಿ, ಸುಣ್ಣ, ಕೊಡ ನೀರು ಹಿಡಿದು ಶಾಲೆಯ ಹಿಂದೆ ಹೋಗುತ್ತಿತ್ತು. ಓಣಿಯವರು ನಗುವುದನ್ನು ಬಿಟ್ಟರು. ನನಗೆ ಅವರ ಮಡಿ ಅದುವರೆಗೆ ಕಿರಿಕಿರಿಯಾಗಿತ್ತು; ಆಮೇಲೆ ಎಂದೂ ಆಗಲಿಲ್ಲ.

ರವಿವಾರ ಗೋಕಾಕದಿಂದ ಇನ್ನೊಂದು ಸೀಸೆ ತಂದೆ. ಹುಟ್ಟುಗುಣ ಸುಟ್ಟರೂ ಹೋಗದು. ಅತ್ತೆಯವರು ಅದನ್ನೂ ಬೂದಿ ಹಚ್ಚಿ ತಿಕ್ಕಿದರು, ಪಟ್ಟಿ ಮತ್ತೆ ಮೋರಿ ಸೇರಿತು. ಕಾಗದಕ್ಕಾಗಿ ಅತ್ತಿತ್ತ ನೋಡಿ, ಸೀದಾ ಗೋಡೆಯ ಗೂಡಿಗೆ ಕೈ ಹಾಕಿ ನಾನು ಬರೆದಿಟ್ಟ ಹಾಳೆಯನ್ನು ತೆಗೆದರು. ಉದ್ದಕ್ಕೆ ಒಂದು ಪಟ್ಟಿ ಹರಿದು, ಮಡಚಿದರು, ಮತ್ತೆ ಮಡಚಿದರು, ನನ್ನ ಮುಖ ನೋಡುತ್ತಾ ಮೂರನೇ ಸಲ ಮಡಚಿದರು.

"ಅತ್ತ್ಯಾರ, ಅದು..." ಎಂದೆ.

"ನನಗ ಓದಾಕ ಬರೂದಿಲ್ಲ. ಆದ್ರ ಏನ ಬರದಿ ಅನ್ನೂದ ಗೊತ್ತೈತಿ" ಎಂದು ಕತ್ತರಿ ಆಡಿಸಿ, ಪಟ್ಟಿಯನ್ನು ಸೀಸೆಗೆ ಅಂಟಿಸಿ, ನನ್ನ ಕೈಗೆ ಕೊಟ್ಟರು. "ಎಣಿಸು. ಎಂಟ ಅದಾವ. ಒಂದ ಗೆರಿ ಕುಡದ, ಮ್ಯಾಲ ಒಂದ ತಂಬಿಗಿ ನೀರ ಕುಡದ ಸಾಲಿಗೆ ನಡಿ."