ಅಳಿಸುವ ಮೊದಲು ಹೆಸರು ಓದಿಸುವ ದಿಲಶಾದ

ಬೆಳಿಗ್ಗೆ ಆರೂವರೆ. ಖಾನಾಪುರ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಝೆರಾಕ್ಸ್ ಅಂಗಡಿಯ ಶಟರ್ ಅರ್ಧ ಮೇಲೆದ್ದಿದೆ. ಒಳಗೆ ಮೂವತ್ತಾರರ ದಿಲಶಾದ ನೆಲದ ಮೇಲೆ ಮಂಡಿಯೂರಿ ಕುಳಿತಿದ್ದಾರೆ. ಮುಂದೆ ಲ್ಯಾಪ್‌ಟಾಪ್, ಅದಕ್ಕೆ ಜೋಡಿಸಿದ ಒಂದೇ ಒಂದು ಹಾರ್ಡ್ ಡಿಸ್ಕ್. ಪರದೆಯ ಮೇಲೆ ‘ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಬೇಕೆ?’ ಎಂಬ ಪ್ರಶ್ನೆ ಇದೆ. ಡಿಸ್ಕ್ ಅವರದೇ. ಅದು ಖಾಲಿ ಇದೆ ಎಂದು ನಿನ್ನೆ ಎರಡು ಸಲ ನೋಡಿದ್ದಾರೆ. ಆದರೂ ಬಲಗೈ ನಡುಗುತ್ತಿದೆ, ಬಳೆ ನೆಲಕ್ಕೆ ತಾಗಿ ಸದ್ದಾಗುತ್ತಿದೆ.

“ಅಕ್ಕಾ, ಪಟ್ಟಿ ಮ್ಯಾಲೆ ಏನೈತಿ ಓದ್ರಿ.”

ಅಂಗಡಿಯ ಒಡತಿ ಸಾವಂತ್ರವ್ವ ಬಗ್ಗಿ, ಡಿಸ್ಕಿಗೆ ಅಂಟಿಸಿದ ಬಿಳಿ ಪಟ್ಟಿಯನ್ನು ಓದುತ್ತಾರೆ. “ದಿಲಶಾದ. ಖಾಲಿ.”

“ನಿಮ್ಮ ಡಿಸ್ಕ್ ಎಲ್ಲೈತಿ?”

“ನನ್ನ ಉಡ್ಯಾಗ.”

ಆಗ ದಿಲಶಾದ ಗುಂಡಿ ಒತ್ತುತ್ತಾರೆ. ಒತ್ತಿದ ಮೇಲೂ ಕೆಲ ಹೊತ್ತು ಬೆರಳು ಅಲ್ಲೇ ಇರುತ್ತದೆ.

ಬೆಳಗಾವಿಯ ಟಿಳಕವಾಡಿಯಲ್ಲಿ, ರೈಲ್ವೆ ಗೇಟಿನ ಹತ್ತಿರ, ಅವರದು ಎಂಟಡಿ ಅಗಲದ ದುರಸ್ತಿ ಅಂಗಡಿ. ಹನ್ನೆರಡು ವರ್ಷಗಳಿಂದ ಹಳೆಯ ಕಂಪ್ಯೂಟರ್‌ಗಳಿಗೆ ಲಿನಕ್ಸ್ ಹಾಕಿಕೊಡುತ್ತಾರೆ. ಲಿನಕ್ಸ್ ಎಂದರೆ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ. ಪುಕ್ಕಟೆ ಸಿಗುತ್ತದೆ, ಹಳೆಯ ಯಂತ್ರದ ಮೇಲೂ ಓಡುತ್ತದೆ. ತಂದೆ ಗನಿ ರೇಡಿಯೋ ರಿಪೇರಿ ಮಾಡುತ್ತಿದ್ದರು. ಬೆಸುಗೆ ಹಾಕುವುದನ್ನು ಅವರಿಂದ ಕಲಿತದ್ದು. ದಿಲಶಾದ ಬಿ.ಕಾಂ. ಎರಡನೇ ವರ್ಷಕ್ಕೆ ಬಿಟ್ಟು ಸೈಬರ್ ಕೆಫೆಯಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿನ ಹತ್ತು ಕಂಪ್ಯೂಟರ್‌ಗಳೂ ವಾರಕ್ಕೊಮ್ಮೆ ವೈರಸ್ ಹತ್ತಿ ಮಲಗುತ್ತಿದ್ದವು. ಮಾಲೀಕ ಬೈಯುತ್ತಿದ್ದ. ಬೈಗುಳ ತಪ್ಪಿಸಿಕೊಳ್ಳಲು ಲಿನಕ್ಸ್ ಕಲಿತರು. ದೊಡ್ಡ ಆದರ್ಶವೇನೂ ಇರಲಿಲ್ಲ ಎಂದು ಅವರೇ ಹೇಳುತ್ತಾರೆ.

ತಿಂಗಳಿಗೆ ಇಪ್ಪತ್ತು, ಇಪ್ಪತ್ತೆರಡು ಯಂತ್ರ ಬರುತ್ತವೆ. ಅದರಲ್ಲಿ ಆರೇಳು ವಿಚಿತ್ರ ಗಿರಾಕಿಗಳು. ಲಿನಕ್ಸ್ ಮೊದಲೇ ಹಾಕಿ ಮಾರುವ ಲ್ಯಾಪ್‌ಟಾಪ್ ಅಗ್ಗ ಎಂದು ಕೊಂಡು, ಪೆಟ್ಟಿಗೆ ಒಡೆದ ದಿನವೇ ತಂದು, “ಇದನ್ನ ತಗದು ಡೂಪ್ಲಿಕೇಟ್ ವಿಂಡೋಸ್ ಹಾಕಿಕೊಡ್ರಿ” ಎನ್ನುವವರು. ದಿಲಶಾದ ಹಾಕಿಕೊಡುವುದಿಲ್ಲ. “ಅಂಗಡಿಯವ್ರು ನೆಟ್ಟಗ ಹಾಕಿ ಕೊಟ್ಟಿದ್ದನ್ನ ಕಿತ್ತು ಕಳ್ಳಮಾಲ್ ತುಂಬಾಕ ನಾ ಯಾಕ ಬೇಕರೀ? ಬಾಜೂಕ ಹೋಗ್ರಿ ಅಂತೀನಿ. ಬಾಜೂ ಅಂಗಡಿಯವ ನನ್ನಿಂದನ ಉಣ್ಣಾಕತ್ತಾನ” ಎಂದು ನಗುತ್ತಾರೆ.

ಇವತ್ತು ಐದು ಗಂಟೆಯ ಬಸ್ ಹತ್ತಿ ಖಾನಾಪುರಕ್ಕೆ ಬರಲು ಕಾರಣ ಸಾವಂತ್ರವ್ವನ ಹಳೆಯ ಕಂಪ್ಯೂಟರ್. ಹದಿನಾಲ್ಕು ವರ್ಷಗಳಿಂದ ಸಾವಂತ್ರವ್ವ ಇಲ್ಲಿ ಅರ್ಜಿ ತುಂಬುತ್ತಾರೆ, ಝೆರಾಕ್ಸ್ ಮಾಡುತ್ತಾರೆ, ಗೋಡೆಗೆ ನೀಲಿ ಬಟ್ಟೆ ಕಟ್ಟಿ ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆಯುತ್ತಾರೆ. ಸುತ್ತಲಿನ ಕಾಡಂಚಿನ ಊರುಗಳ ಎಷ್ಟೋ ಜನ ಕ್ಯಾಮೆರಾದ ಮುಂದೆ ಕೂತದ್ದು ಬದುಕಿನಲ್ಲಿ ಒಮ್ಮೆಯೇ, ಈ ಸ್ಟೂಲಿನ ಮೇಲೆಯೇ, ಯಾವುದೋ ಅರ್ಜಿಗಾಗಿ. ಸತ್ತಾಗ ಮನೆಯವರು ಬರುವುದೂ ಇಲ್ಲಿಗೇ. ಆ ಅರ್ಜಿಯ ಫೋಟೋವನ್ನೇ ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ, ದಿವಸದ ಕಾರ್ಯಕ್ಕೆ ಇಡುತ್ತಾರೆ. ಸಾವಂತ್ರವ್ವನ ಡಿಸ್ಕಿನಲ್ಲಿ ಇರುವುದು ಹದಿನಾಲ್ಕು ಸಾವಿರದ ಮುನ್ನೂರಾ ಆರು ಮುಖಗಳು. ಎರಡನೇ ಪ್ರತಿ ಎಲ್ಲಿಯೂ ಇಲ್ಲ.

ಆ ಡಿಸ್ಕ್ ಮೂರು ದಿನಗಳಿಂದ ಟಕ್ ಟಕ್ ಎನ್ನುತ್ತಿದೆ, ಪೂರ್ತಿ ಕೆಡುವ ಮುನ್ನಿನ ಸದ್ದು.

ಸಾವಂತ್ರವ್ವನ ಮಗ ಬಾಳೇಶ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಸಾಮಾನು ಏರಿಸುವ ಕೆಲಸದಲ್ಲಿದ್ದಾನೆ. ಇವತ್ತು ವಾರದ ರಜೆ. ಅವನು ನಿನ್ನೆ ಬೆಳಗಾವಿಯಿಂದ ಹೊಸ ಕಂಪ್ಯೂಟರ್ ತಂದಿದ್ದಾನೆ. ಲಿನಕ್ಸ್ ಹಾಕಿಯೇ ಕೊಟ್ಟಿದ್ದಾರೆ. ಹಳೆಯದನ್ನು ಬದಲಿಗೆ ಕೊಡಬೇಕೆಂಬ ಒಪ್ಪಂದ. ಒಯ್ಯಲು ಮಧ್ಯಾಹ್ನ ಹನ್ನೆರಡಕ್ಕೆ ಟೆಂಪೋ ಬರುತ್ತದೆ.

“ಅಕ್ಕಾರ, ಎಲ್ಲಾ ಮೊದಲ ಹಾಕಿ ಕಳಸ್ಯಾರ. ಸ್ವಿಚ್ ಒತ್ತಿದ್ರ ಪ್ರಿಂಟರ್ ಸೈತ ತಾನ ಹುಡುಕ್ತು. ನಿಮ್ಮ ಧಂದೆ ಮುಗೀತು” ಎಂದು ಬಾಳೇಶ ಛೇಡಿಸುತ್ತಾನೆ.

“ಮುಗೀಲಿ ಬಿಡೋ. ಕನ್ನಡ ಟೈಪ್ ಆಗ್ತೈತೇನು ನೋಡಿದಿ?”

ನೋಡಿರಲಿಲ್ಲ. ಆಗುವುದಿಲ್ಲ. ಅದನ್ನು ದಿಲಶಾದ ಹತ್ತು ನಿಮಿಷದಲ್ಲಿ ಸರಿಮಾಡುತ್ತಾರೆ. ಆದರೂ ಯಾರಾದರೂ ಕೇಳಿದರೆ, ಕೈಯಲ್ಲಿ ದುಡ್ಡಿದ್ದರೆ, ಲಿನಕ್ಸ್ ಹಾಕಿ ಕೊಟ್ಟದ್ದನ್ನೇ ಕೊಳ್ಳಿ ಎನ್ನುತ್ತಾರೆ. ಭಾಗಗಳೆಲ್ಲ ಹೊಂದುತ್ತವೆ ಎಂದು ಮಾರಿದವರು ನೋಡಿರುತ್ತಾರೆ, ಕೆಟ್ಟರೆ ಕೇಳಲು ಒಬ್ಬರಿರುತ್ತಾರೆ. ತಾವೇ ಹಾಕಿಕೊಳ್ಳುವವರು ಹೆಚ್ಚು ಕಲಿಯುತ್ತಾರೆ ನಿಜ, ಹಳೆಯ ಯಂತ್ರ ಇನ್ನೈದು ವರ್ಷ ದುಡಿಯುತ್ತದೆ, ಅದೂ ನಿಜ. ಆದರೆ ಅವರ ಲೆಕ್ಕ ಬೇರೆಯೇ ಇದೆ. “ಹೊಸಾ ಮನಿಗೆ ಹೋಗೂದು ಬ್ಯಾರೆ, ಇದ್ದ ಮನಿ ಕೆಡವಿ ಕಟ್ಟೂದು ಬ್ಯಾರೆ. ಹೊಸಾದ್ರಾಗ ಯಾರೂ ಇರೂದಿಲ್ಲ, ಅಂಜಿಕಿ ಇಲ್ಲ. ಹಳೇದ್ರಾಗ ಯಾರರ ಮಲಗಿರ್ತಾರರೀ.”

ಈ ಮಾತಿನ ಹಿಂದೆ ಲೋಂಡಾ ರಸ್ತೆಯ ಊರೊಂದರ ಒಂದು ಫೋಟೋ ಸ್ಟುಡಿಯೋ ಇದೆ. ಆರು ವರ್ಷದ ಹಿಂದೆ ಅದರ ಮಾಲೀಕ ಸೋಮಲಿಂಗ ಲಿನಕ್ಸ್ ಹಾಕಿಕೊಡಿ ಎಂದು ದಿಲಶಾದರನ್ನು ಕರೆಸಿದ್ದರು. ಯಂತ್ರದೊಳಗೆ ಎರಡು ಡಿಸ್ಕ್. ಒಂದೇ ಕಂಪನಿ, ಒಂದೇ ಅಳತೆ. ಒಂದು ಖಾಲಿ, ಇನ್ನೊಂದರಲ್ಲಿ ಒಂಬತ್ತು ವರ್ಷದ ಫೋಟೋ. ಪರದೆಯ ಮೇಲೆ ಎರಡು ಸಾಲು, ಎರಡರಲ್ಲೂ ಅದೇ ಅಂಕಿ. ದಿಲಶಾದ ಮೇಲಿನದನ್ನು ಆರಿಸಿದರು. ಎಂಟು ನಿಮಿಷದಲ್ಲಿ ಮುಗಿಯಿತು. ಮುಗಿದ ಮೇಲೆ ಗೊತ್ತಾಯಿತು.

ಸೋಮಲಿಂಗ ಬೈಯಲಿಲ್ಲ. ಒಂದು ತಿಂಗಳ ನಂತರ ಟಿಳಕವಾಡಿಯ ಅಂಗಡಿಗೆ ಒಬ್ಬ ಹೆಂಗಸನ್ನು ಕರೆತಂದರು. ಆಕೆಯ ಗಂಡ ಮರದಿಂದ ಬಿದ್ದು ಸತ್ತಿದ್ದ. ಗುರುತಿನ ಚೀಟಿಯ ಮೇಲಿನ ಫೋಟೋ ಮಸಿ ಚುಕ್ಕೆಯ ಹಾಗಿತ್ತು. “ಒಳಗ ಎಲ್ಲೆರ ಮೂಲ್ಯಾಗ ಉಳದಿರಬೇಕು, ನೋಡ್ರಿ ಬಾಯಾರ” ಎಂದಳು. ದಿಲಶಾದ ನಾಲ್ಕು ದಿನ ಹುಡುಕಿದರು. ಫೋಟೋಗಳಿಗೆ ಕೊಟ್ಟಿದ್ದ ಹೆಸರುಗಳು ಸಿಕ್ಕವು, ಚಿತ್ರಗಳು ಸಿಗಲಿಲ್ಲ. ಆ ಹೆಂಗಸು ಮತ್ತೆ ಬರಲಿಲ್ಲ.

ಅಂದಿನಿಂದ ಅಳಿಸಬಾರದ ಡಿಸ್ಕಿನ ಕೇಬಲ್ಲನ್ನು ಮೊದಲೇ ಕಿತ್ತು ಒಡೆಯರ ಕೈಗೆ ಕೊಡುತ್ತಾರೆ. ಕಿತ್ತಿಟ್ಟದ್ದನ್ನು ಅಳಿಸಲು ಬರುವುದಿಲ್ಲ. ಉಳಿದದ್ದರ ಮೇಲೆ ಪಟ್ಟಿ ಅಂಟಿಸಿ ಗಟ್ಟಿಯಾಗಿ ಓದಿಸುತ್ತಾರೆ. ಕೆಲಸ ಮುಗಿದ ಮೇಲೂ ಹಳೆಯ ಡಿಸ್ಕನ್ನು ನಲವತ್ತು ದಿನ ಯಾರೂ ಅಳಿಸುವಂತಿಲ್ಲ. “ನಮ್ಮಲ್ಲಿ ಸತ್ತವರಿಗೆ ನಲವತ್ತು ದಿವಸ ನೋಡ್ತಾರ. ಇದಕ್ಕೂ ಅಷ್ಟ. ಏನರ ಬಿಟ್ಟಿದ್ರ ಅಷ್ಟರಾಗ ನೆನಪಾಗ್ತೈತಿ.” ಗಿರಾಕಿಗಳಾಗಿ ಬರುವ ಬ್ಯಾಂಕಿನವರು, ವಕೀಲರು ಇದನ್ನು ಕೇಳಿ ನಗುತ್ತಾರೆ. ನಗಲಿ, ಆದರೆ ಓದಲಿ ಎನ್ನುತ್ತಾರೆ ದಿಲಶಾದ.

ಏಳು ಗಂಟೆ. ಖಾಲಿ ಡಿಸ್ಕ್ ಸಿದ್ಧವಾಗಿದೆ. ಸಾವಂತ್ರವ್ವ ಮಡಿಲಿನಿಂದ ಹಳೆಯದನ್ನು ತೆಗೆದುಕೊಡುತ್ತಾರೆ. ಈಗ ಲ್ಯಾಪ್‌ಟಾಪ್ ಹಳೆಯದನ್ನು ಓದಿ ಖಾಲಿ ಡಿಸ್ಕಿಗೆ ಬರೆಯುತ್ತಿದೆ. ಓದಲು ಬಾರದ ಜಾಗವನ್ನು ಬಿಟ್ಟು ಮುಂದೆ ಹೋಗುತ್ತದೆ, ಕೊನೆಗೆ ಹಿಂದಿರುಗಿ ಮತ್ತೆ ಯತ್ನಿಸುತ್ತದೆ. ನಡುವೆ ಡಿಸ್ಕ್ ಪೂರ್ತಿ ನಿಂತರೆ ಅಲ್ಲಿಗೆ ಮುಗಿಯಿತು.

ಅದೇ ಹೊತ್ತಿಗೆ ಶಟರ್ ಕೆಳಗೆ ಬಗ್ಗಿ ಒಬ್ಬ ಮುದುಕ ಬರುತ್ತಾನೆ. ಹೆಗಲ ಮೇಲೆ ಕಂಬಳಿ. ಕುರಿ ಕಾಯುವ ಮಾಯಪ್ಪ. ಹೆಂಡತಿ ತೀರಿ ಒಂಬತ್ತು ದಿನ. ನಾಡಿದ್ದು ದಿವಸದ ಕಾರ್ಯ.

“ಸಾವಂತ್ರವ್ವ, ಆಕಿದೊಂದು ಫೋಟೋ ದೊಡ್ಡದು ಮಾಡಿ ಕೊಡು.”

ಸಾವಂತ್ರವ್ವ ದಿಲಶಾದರ ಮುಖ ನೋಡುತ್ತಾರೆ. ಆ ಫೋಟೋ ಉಳಿದಿದೆಯೋ ಇಲ್ಲವೋ ಈಗಲೇ ಹೇಳಲಾಗದು.

“ಕುಂದರ್ರಿ ಕಾಕಾ. ಮಶೀನಿಗೆ ಆರಾಮ ಇಲ್ಲ. ಹೊತ್ತಾಗ್ತೈತಿ” ಎನ್ನುತ್ತಾರೆ ದಿಲಶಾದ.

ಮಾಯಪ್ಪ ಬೆಂಚಿನ ಮೇಲೆ ಕೂರುತ್ತಾನೆ. ಸ್ವಲ್ಪ ಹೊತ್ತಿನ ನಂತರ, “ಅದು ಯಾಕ ಹಂಗ ಬಡಕೊಳ್ಳಾಕತ್ತೈತಿ?” ಎಂದು ಕೇಳುತ್ತಾನೆ. ಟಕ್ ಟಕ್ ಸದ್ದಿಗೆ ಕಿವಿ ಒಗ್ಗುತ್ತದೆ. ಸದ್ದು ನಿಂತಾಗ ಮಾತ್ರ ಎಲ್ಲರೂ ಒಮ್ಮೆಲೇ ತಲೆ ಎತ್ತುತ್ತಾರೆ. ಒಂಬತ್ತೂಕಾಲಿಗೆ ಹಾಗೆ ಎರಡು ನಿಮಿಷ ನಿಂತಿತು. ಚಹಾ ತಂದ ಬಾಳೇಶ ಬಾಗಿಲಲ್ಲೇ ಉಳಿದ. ದಿಲಶಾದ ಏನನ್ನೂ ಮುಟ್ಟದೆ, ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತರು. ಮತ್ತೆ ಟಕ್ ಎಂದಿತು. ಚಹಾ ತಣ್ಣಗಾಗಿತ್ತು. ಕೆಲಸದ ಹೊತ್ತಿನಲ್ಲಿ ಅವರು ಹೇಗೂ ಚಹಾ ಕುಡಿಯುವುದಿಲ್ಲ.

ಹನ್ನೊಂದೂ ಇಪ್ಪತ್ತಕ್ಕೆ ನಕಲು ಮುಗಿಯುತ್ತದೆ. ಇನ್ನೂರಾ ಹನ್ನೆರಡು ಚಿತ್ರಗಳು ಪೂರ್ತಿ ಓದಲು ಸಿಕ್ಕಿಲ್ಲ. ಯಾರವು ಎಂದು ಹೇಳಲಾಗುವುದಿಲ್ಲ, ಏಕೆಂದರೆ ಸಾವಂತ್ರವ್ವ ಹೆಸರಿನಿಂದಲ್ಲ, ತಾರೀಖಿನಿಂದ ಇಟ್ಟಿದ್ದಾರೆ.

“ಕಾಕಾ, ಫೋಟೋ ಯಾವಾಗ ತಗಸಿದ್ರಿ?”

“ಪಿಂಚಣಿ ಅರ್ಜಿಗೆ. ಕೊರೊನಾ ಮುಗದ ಮ್ಯಾಲ. ಹೋಳಿ ಹುಣ್ಣಿವಿ ಮರುದಿನ. ಆಕಿ ಸೀರಿಗೆ ಬಣ್ಣ ಹತ್ತಿತ್ತು. ಕಾಣ್ತೈತೇನು, ಕಾಣ್ತೈತೇನು ಅಂತ ಹತ್ತು ಸಲ ಕೇಳಿದ್ಲು.”

ಸಾವಂತ್ರವ್ವ ನಕಲಿನ ಡಿಸ್ಕ್ ಜೋಡಿಸಿದ ಹೊಸ ಕಂಪ್ಯೂಟರಿನಲ್ಲಿ ಆ ಮಾರ್ಚ್ ತಿಂಗಳನ್ನು ತೆರೆದು ಒಂದೊಂದೇ ಚಿತ್ರ ದಾಟಿಸುತ್ತಾರೆ. ನೀಲಿ ಬಟ್ಟೆ, ಮುಖ. ನೀಲಿ ಬಟ್ಟೆ, ಮುಖ. ನಡುವೆ ಒಂದು ಪೂರ್ತಿ ಬೂದಿ ಬಣ್ಣದ ಚೌಕ. ಸಾವಂತ್ರವ್ವನ ಕೈ ನಿಲ್ಲುತ್ತದೆ.

“ಮುಂದ ಹೋಗ್ರಿ ಅಕ್ಕಾ” ಎನ್ನುತ್ತಾರೆ ದಿಲಶಾದ.

ಇನ್ನೂ ನಾಲ್ಕು ಚಿತ್ರಗಳ ನಂತರ ಮಾಯಪ್ಪ ಎದ್ದು ನಿಲ್ಲುತ್ತಾನೆ. ಕಪ್ಪು ಮುಖ, ದೊಡ್ಡ ಕುಂಕುಮ, ಬಿಗಿದ ತುಟಿ. ಕುತ್ತಿಗೆಯ ಕೆಳಗೆ ಚಿತ್ರ ಇಲ್ಲ. ಬೂದಿ ಪಟ್ಟಿಗಳಷ್ಟೇ. ಇನ್ನೂರಾ ಹನ್ನೆರಡರಲ್ಲಿ ಇದೂ ಒಂದು.

ಮಾಯಪ್ಪ ಪರದೆಯ ಹತ್ತಿರ ಬಂದು ಬಹಳ ಹೊತ್ತು ನೋಡುತ್ತಾನೆ.

“ಬಣ್ಣ ಹತ್ತಿದ್ದು ಕಾಣೂದಿಲ್ಲ. ಆಕಿಗೆ ಚಲೋ ಆತು” ಎನ್ನುತ್ತಾನೆ. ಆಮೇಲೆ, “ಮಾರಿ ಐತಲ್ಲ. ಸಾಕು.”

ಬೂದಿ ಭಾಗ ಕತ್ತರಿಸಿ, ಮುಖವನ್ನಷ್ಟೇ ದೊಡ್ಡದು ಮಾಡಿ ಸಾವಂತ್ರವ್ವ ಮುದ್ರಿಸಿ ಕೊಡುತ್ತಾರೆ. ಮಾಯಪ್ಪ ಅದನ್ನು ಕಂಬಳಿಯೊಳಗೆ ಇಟ್ಟುಕೊಂಡು ಹೋಗುತ್ತಾನೆ.

ಹನ್ನೆರಡಕ್ಕೆ ಟೆಂಪೋ ಬರುತ್ತದೆ. ಹಳೆಯ ಕಂಪ್ಯೂಟರಿನ ಪೆಟ್ಟಿಗೆಯನ್ನು ತೆರೆದು ನೋಡಿದ ಚಾಲಕ, ಡಿಸ್ಕ್ ಇಲ್ಲದೆ ಒಯ್ಯುವಂತಿಲ್ಲ ಎನ್ನುತ್ತಾನೆ. ಬಾಳೇಶನಿಗೆ ಸಿಟ್ಟು. “ಅಕ್ಕಾರ, ಎಲ್ಲಾ ಬಂತಲ್ಲ? ಅಳಿಸಿ ಕೊಟ್ಟುಬಿಡ್ರಿ. ಸತ್ತ ಡಬ್ಬಿಗೆ ನಲವತ್ತು ದಿವಸ ಅಂತ ಕಾಯ್ಕೋತ ಕುಂದ್ರಾಕ ಆಗ್ತೈತೇನು?”

“ಎಲ್ಲಾ ಬಂದಿಲ್ಲೋ. ಇನ್ನೊಮ್ಮೆ ಓದಿಸಿ ನೋಡ್ಬೇಕು. ಇನ್ನೂ ಹತ್ತು ಬರಬಹುದು. ಒಂದೂ ಬರದಿರಬಹುದು.”

“ಬರದಿದ್ರ?”

ಸಾವಂತ್ರವ್ವ ಮಗನ ಕಡೆ ತಿರುಗುತ್ತಾರೆ. “ಅದರಾಗ ನಿಮ್ಮಪ್ಪಂದೂ ಐತಿ, ನಂದೂ ಐತಿ. ಬದುಕಿದ್ದವ್ರು ಇನ್ನೊಮ್ಮೆ ಬಂದು ಸ್ಟೂಲ್ ಮ್ಯಾಲ ಕುಂದರ್ತಾರ. ಉಳದವ್ರನ್ನ ಎಲ್ಲಿಂದ ಕರ್ಕೊಂಡ್ ಬರ್ತಿ? ಖಾಲಿ ಪೆಟ್ಟಿಗಿ ಒಯ್ದ್ರ ಒಯ್ಲಿ, ಇಲ್ಲಂದ್ರ ಬಿಡ್ಲಿ.”

ಚಾಲಕ ಬೆಳಗಾವಿಗೆ ಫೋನ್ ಮಾಡುತ್ತಾನೆ. ಡಿಸ್ಕಿನ ಬೆಲೆ ಮುರಿದುಕೊಳ್ಳುವುದಾಗಿ ಹೇಳಿ ಪೆಟ್ಟಿಗೆ ಒಯ್ಯುತ್ತಾನೆ.

ದಿಲಶಾದ ಹಳೆಯ ಡಿಸ್ಕನ್ನು ಹತ್ತಿಬಟ್ಟೆಯಲ್ಲಿ ಸುತ್ತಿ, ಮೇಲೆ ಬಿಳಿ ಪಟ್ಟಿ ಅಂಟಿಸುತ್ತಾರೆ. ಸಾವಂತ್ರವ್ವ ತಮ್ಮ ಕೈಯಿಂದಲೇ ಹೆಸರು, ಇವತ್ತಿನ ತಾರೀಖು ಬರೆದು, ಕೇಳದಿದ್ದರೂ ಗಟ್ಟಿಯಾಗಿ ಓದುತ್ತಾರೆ. ಅದು ಟಿಳಕವಾಡಿಯ ಅಂಗಡಿಯ ಕಪಾಟಿಗೆ ಹೋಗುತ್ತದೆ. ಅಲ್ಲಿ ಈಗಾಗಲೇ ಹತ್ತೊಂಬತ್ತು ಇವೆ, ಒಂದೊಂದರ ಮೇಲೂ ಒಂದೊಂದು ಹೆಸರು. ಒಂದಕ್ಕೆ ಮಾತ್ರ ನಲವತ್ತು ದಿನದ ಲೆಕ್ಕ ಇಲ್ಲ. ಅದು ಸೋಮಲಿಂಗನ ಸ್ಟುಡಿಯೋದ್ದು. ಹೊಸ ಡಿಸ್ಕ್ ಕೊಡಿಸಿ ಅದನ್ನು ತಾವೇ ಇಟ್ಟುಕೊಂಡಿದ್ದಾರೆ. ಆರು ವರ್ಷಗಳಿಂದ ಅದನ್ನು ಎಸೆಯಲು ಧೈರ್ಯ ಬಂದಿಲ್ಲ.

ಬಸ್ ನಿಲ್ದಾಣದ ಕಟ್ಟೆಯ ಮೇಲೆ ಬೆಳಗಾವಿ ಬಸ್ಸಿಗೆ ಕಾಯುತ್ತಾ ಕೊನೆಗೂ ಚಹಾ ತರಿಸಿಕೊಳ್ಳುತ್ತಾರೆ. ಈಗ ಕೈ ನೆಟ್ಟಗಿದೆ. ಆ ನಡುಕಕ್ಕೆ ಔಷಧ ಮಾಡಿಸಲಿಲ್ಲವೇ ಎಂದು ಕೇಳಿದರೆ, ಲೋಟ ಕೆಳಗಿಡುತ್ತಾರೆ.

“ಡಾಕ್ಟರ್ ಕಡೆ ಹೋಗಿದ್ದೆರೀ. ರಕ್ತ ನೋಡಿದ್ರು, ಎಲ್ಲಾ ಬರೋಬ್ಬರಿ ಐತಿ ಅಂದ್ರು. ಗುಳಿಗಿ ಬರದು ಕೊಟ್ರು, ತಗೊಳ್ಳಲಿಲ್ಲ. ಮೊದಲ ನಿಲ್ಲಲಿ ಅಂತ ಬೇಡ್ಕೋತಿದ್ದೆ. ಈಗ ಇರಲಿ ಅಂತೀನಿ.” ಬಸ್ಸು ತಿರುವಿನಲ್ಲಿ ಕಾಣುತ್ತದೆ. ಅವರು ಎದ್ದು ಚೀಲವನ್ನು ಎದೆಗೆ ಒತ್ತಿ ಹಿಡಿಯುತ್ತಾರೆ. “ಸೋಮಲಿಂಗಣ್ಣನ ಅಂಗಡ್ಯಾಗ ಅವತ್ತು ಕೈ ನಡುಗಿರಲಿಲ್ಲರೀ. ಇನ್ನೊಂದು ಕೈಯಾಗ ಚಾ ಹಿಡ್ಕೊಂಡಿದ್ದೆ.”