ತಾನೇ ಹತ್ತಬೇಕಿತ್ತಂತೆ

ಹೊನ್ನಾವರದಲ್ಲಿ ಕುಮಟಾ ಬಸ್ ಹತ್ತಿದ ಕೂಡಲೇ ಎರಡೂವರೆ ವರ್ಷದ ನನ್ನ ಮಗಳು ಬಸ್ಸಿನ ನೆಲದ ಮೇಲೆ ಬಿದ್ದುಕೊಂಡು ಕೈಕಾಲು ಬಡಿದು ಅಳತೊಡಗಿದಳು. ಬಿಸ್ಕತ್ತು ಕೊಟ್ಟೆ, ಮೊಬೈಲ್ ಕೊಟ್ಟೆ, ಗದರಿದೆ. ಯಾವುದಕ್ಕೂ ಬಗ್ಗಲಿಲ್ಲ. ಬಸ್ಸಿನವರೆಲ್ಲ ನನ್ನನ್ನೇ ನೋಡುತ್ತಿದ್ದರು. ಹೊಡೆಯಲು ಕೈಯೆತ್ತಿದೆ.

ಮೀನು ಮಾರಿ ಮರಳುತ್ತಿದ್ದ ಅಜ್ಜಿಯೊಬ್ಬರು ಖಾಲಿ ಬುಟ್ಟಿ ಬದಿಗಿಟ್ಟು ನನ್ನ ಕೈ ಹಿಡಿದರು. “ಹೊಡೀಬೇಡ ತಂಗಿ. ಅದು ತಾನೇ ಮೆಟ್ಲು ಹತ್ತೂಕೆ ಹೊರಟಿತ್ತು, ನೀ ಎತ್ಕಂಬಿಟ್ಟೆ. ಕೆಳಗೆ ಬಿಡು, ಹತ್ಲಿ.”

ಕಂಡಕ್ಟರ್ ನಕ್ಕು, ಸೀಟಿ ಊದದೆ ಕಾದರು. ಮಗಳನ್ನು ಇಳಿಸಿದೆ. ಒಂದೊಂದೇ ಮೆಟ್ಟಿಲಿಗೆ ಕೈಯೂರಿ ಮೇಲೆ ಬಂದವಳು, ಕೆನ್ನೆಯ ಕಣ್ಣೀರು ಆರುವ ಮೊದಲೇ “ಆತು” ಎಂದಳು.

ಈಗ ಚಪ್ಪಲಿ ಹಾಕಿಕೊಳ್ಳಲು ಅವಳಿಗೆ ಐದು ನಿಮಿಷ ಬೇಕು. ಎಡಬಲ ಅದಲುಬದಲಾದರೂ ನಾನು ಬಾಗಿಲಲ್ಲಿ ಸುಮ್ಮನೆ ಕಾಯುತ್ತೇನೆ.